ಜಲಾನಯನಗಳ ಆದ್ಯತೆಯ ಚರಿತ್ರೆ: ಕೈಫಿಯತ್ತಿನಿಂದ ಉಪಗ್ರಹ ಚಿತ್ರದವರೆಗೆ

ಜಲಾನಯನ ಅಭಿವೃದ್ಧಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ ಮೇಲ್ನೋಟಕ್ಕೆ ತಾಂತ್ರಿಕವೆನಿಸಿದರೂ ಮೂಲತಃ ಸಾಮಾಜಿಕವಾದುದು. ಹಣ, ಸಿಬ್ಬಂದಿ ಮತ್ತು ಕಾಲ ಮೂರೂ ಮಿತವಾಗಿರುವಾಗ ಯಾವ ಹಳ್ಳದ ನೆಲದಲ್ಲಿ ಕೆಲಸವನ್ನು ಮೊದಲು ಕೈಗೊಳ್ಳಬೇಕು, ಯಾವುದನ್ನು ಮುಂದಿನ ಸರದಿಗೆ ಬಿಡಬೇಕು ಎಂಬುದೇ ಆ ಪ್ರಶ್ನೆ. ಸರದಿಗೆ ಬಿಟ್ಟ ನೆಲದ ರೈತನಿಗೆ ಹತ್ತಾರು ಮಳೆಗಾಲಗಳು ಹಾಗೆಯೇ ಕಳೆದುಹೋಗಬಹುದು. ಈ ಸರದಿಯನ್ನು ನಿರ್ಣಯಿಸುವ ವಿಧಾನಕ್ಕೆ ‘ಆದ್ಯತಾ ನಿರ್ಧಾರ’ವೆಂದು ಹೆಸರು. ಕಳೆದ ಕೆಲವು ದಶಕಗಳಲ್ಲಿ ದೂರಸಂವೇದಿ ತಂತ್ರಜ್ಞಾನವೂ ಭೌಗೋಳಿಕ ಮಾಹಿತಿ ವ್ಯವಸ್ಥೆಯೂ ಇದರ ಮುಖ್ಯ ಸಾಧನಗಳಾಗಿವೆ. ಈ ಸಾಧನಗಳು ಕರ್ನಾಟಕಕ್ಕೆ ಬಂದ ಬಗೆಯನ್ನು ಗುರುತಿಸುವುದು, ಆದ್ಯತೆಯ ಪಟ್ಟಿಯು ನೆಲದ ಗುಣದಿಂದ ತಾನೇ ತಾನಾಗಿ ಹುಟ್ಟಿದುದಲ್ಲ, ನೆಲಕ್ಕೆ ಹಾಕಿದ ಪ್ರಶ್ನೆಯಿಂದ ಹುಟ್ಟಿದುದು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಳತೆಯೂ ಕಥನವೂ ಕೂಡಿದ್ದ ಕಾಲ

ನೀರಿನ ಆಯಕ್ಕೂ ನೆಲದ ವಿಸ್ತಾರಕ್ಕೂ ಇರುವ ಸಂಬಂಧದ ಅರಿವು ಈ ನಾಡಿಗೆ ಹೊಸದಲ್ಲ. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಶಾಸನವು ಇದಕ್ಕೆ ಸಾಕ್ಷಿ. 1369ರ ಈ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಹೇಳುತ್ತದೆ. ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು ಒಂದು ದೋಷ, ನೀರು ಹೆಚ್ಚಾಗಿ ನೆಲ ಕಡಿಮೆಯಾಗಿರುವುದು ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷವೇ. ಅಂದರೆ ಸ್ಥಳದ ಆಯ್ಕೆಯಲ್ಲಿ ಭೂಗುಣದೊಡನೆ ಅಧಿಕಾರದ ಗಡಿಯನ್ನೂ ಲೆಕ್ಕಕ್ಕೆ ಹಿಡಿಯಲಾಗಿತ್ತು.

1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಮೈಸೂರಿನ ಮೋಜಣಿಯನ್ನು ವಹಿಸಿಕೊಂಡ ಕಾಲಿನ್ ಮೆಕೆಂಜಿಯ ಕಾರ್ಯವು ಈ ಚರಿತ್ರೆಯಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ಒಂದೆಡೆ ತ್ರಿಕೋನ ಮಾಪನದ ಆಧಾರದಿಂದ ನಕ್ಷೆಗಳು ಸಿದ್ಧವಾಗುತ್ತಿದ್ದರೆ, ಇನ್ನೊಂದೆಡೆ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ದೇಶೀಯ ಸಹಾಯಕರು ಊರೂರಿನಿಂದ ಶಾಸನಗಳ ಪ್ರತಿಗಳನ್ನೂ ಸ್ಥಳ ವೃತ್ತಾಂತಗಳನ್ನೂ ಸಂಗ್ರಹಿಸುತ್ತಿದ್ದರು. ಈ ವೃತ್ತಾಂತಗಳೇ ಮುಂದೆ ಕೈಫಿಯತ್ತುಗಳೆಂದು ಪ್ರಸಿದ್ಧವಾದವು. ಊರು ಹುಟ್ಟಿದ ಬಗೆ, ಕೆರೆ ಕಟ್ಟಿಸಿದವರ ವಂಶ, ದತ್ತಿಯ ವಿವರ ಇವುಗಳಲ್ಲಿ ದೊರೆಯುತ್ತವೆ. 1821ರಲ್ಲಿ ಮೆಕೆಂಜಿಯು ತೀರಿಕೊಂಡ ನಂತರ ನಕ್ಷೆಗಳು ಮೋಜಣಿ ಇಲಾಖೆಯ ಸ್ವತ್ತಾದವು. ಕೈಫಿಯತ್ತುಗಳು ಹಸ್ತಪ್ರತಿ ಭಂಡಾರ ಸೇರಿದವು. ಒಂದೇ ನೆಲದ ಎರಡು ದಾಖಲೆಗಳು ಹೀಗೆ ಬೇರೆ ಬೇರೆ ವಿದ್ವತ್ ಶಾಖೆಗಳ ಪಾಲಾದುದರ ಪರಿಣಾಮವು ಇಂದಿನವರೆಗೂ ಉಳಿದಿದೆ.

ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯು 1866ರಲ್ಲಿ ಬರೆದ ಟಿಪ್ಪಣಿಯು ಮತ್ತೊಂದು ಮುಖ್ಯ ಘಟ್ಟ. 27,269 ಚದರ ಮೈಲಿಯ ಮೈಸೂರು ದೇಶದಲ್ಲಿ ಶೇಕಡ 60ರಷ್ಟು ನೆಲ ಕೆರೆಗಳ ಜಾಲಕ್ಕೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆಂದೂ, ಹೊಸದಾಗಿ ಕಟ್ಟಿದರೆ ಅದೇ ಕಣಿವೆಯ ಕೆಳಗಿನ ಕೆರೆಗೆ ಬರುವ ನೀರು ತಪ್ಪುವುದು ಬಹುಮಟ್ಟಿಗೆ ನಿಶ್ಚಿತವೆಂದೂ ಆತ ಗುರುತಿಸಿದ್ದಾನೆ. ಮೇಲಿನ ನೆಲದಲ್ಲಿ ಮಾಡಿದ ಕೆಲಸ ಕೆಳಗಿನವರ ಹಕ್ಕನ್ನು ಮುಟ್ಟುತ್ತದೆ ಎಂಬ ಈ ಎಚ್ಚರಿಕೆಯು ಜಲಾನಯನ ಎಂಬ ಆಡಳಿತಾತ್ಮಕ ಪರಿಭಾಷೆ ಬಳಕೆಗೆ ಬರುವುದಕ್ಕೆ ಎಷ್ಟೋ ಮೊದಲೇ ದಾಖಲಾಗಿತ್ತು.

ಜಲಾಶಯಕ್ಕಾಗಿ ನೆಲದ ಪರೀಕ್ಷೆ

ಸ್ವಾತಂತ್ರ್ಯಾನಂತರ ಆದ್ಯತೆಯ ಪ್ರಶ್ನೆಯು ಹೊಸ ರೂಪ ತಳೆದದ್ದು ದೊಡ್ಡ ಅಣೆಕಟ್ಟುಗಳ ನಿಮಿತ್ತದಿಂದ. ಜಲಾಶಯಗಳಲ್ಲಿ ಹೂಳು ತುಂಬುವ ವೇಗವು ಯೋಜಕರ ಎಣಿಕೆಯನ್ನು ಮೀರಿದಾಗ ಮೇಲಿನ ಆಯದ ನೆಲದತ್ತ ದೃಷ್ಟಿ ಹೊರಳಿತು. ತುಂಗಭದ್ರೆಯ ನಿದರ್ಶನವು ಕರ್ನಾಟಕಕ್ಕೆ ಪರಿಚಿತವಾದುದು. 1953ರಲ್ಲಿ ಸುಮಾರು 133 ಟಿಎಂಸಿ ಅಡಿಯಷ್ಟಿದ್ದ ಅದರ ಸಂಗ್ರಹ ಸಾಮರ್ಥ್ಯವು 2008ರ ಸಮೀಕ್ಷೆಯ ವೇಳೆಗೆ ಸುಮಾರು 101 ಟಿಎಂಸಿ ಅಡಿಗೆ ಇಳಿದಿತ್ತು. 2016ರ ಸಮೀಕ್ಷೆಯು ಸುಮಾರು 105.8 ಟಿಎಂಸಿ ಅಡಿ ಎಂದು ತೋರಿಸಿತು. ಹೂಳಿನ ಲೆಕ್ಕವು ಅಳೆಯುವ ವಿಧಾನವನ್ನೂ ಅವಲಂಬಿಸಿರುವುದು ಈ ವ್ಯತ್ಯಾಸದಿಂದ ವ್ಯಕ್ತವಾಗುತ್ತದೆ.

ಮೂರನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ನದಿ ಕಣಿವೆ ಯೋಜನೆಗಳ ಆಯಪ್ರದೇಶಗಳಲ್ಲಿ ಮಣ್ಣು ಸಂರಕ್ಷಣೆಯ ಕೇಂದ್ರ ಕಾರ್ಯಕ್ರಮ ಆರಂಭವಾಯಿತು. ಆಯಪ್ರದೇಶದ ಲಕ್ಷಾಂತರ ಹೆಕ್ಟೇರಿನಲ್ಲಿ ಎಲ್ಲಿಂದ ತೊಡಗಬೇಕೆಂಬುದನ್ನು ಹೇಳುವ ಹೊಣೆ ಅಖಿಲ ಭಾರತ ಮಣ್ಣು ಮತ್ತು ಭೂಬಳಕೆ ಸಮೀಕ್ಷಾ ಸಂಸ್ಥೆಗೆ ಬಂದಿತು. ವೈಮಾನಿಕ ಛಾಯಾಚಿತ್ರಗಳ ಮತ್ತು ಕ್ಷೇತ್ರ ಪರಿಶೀಲನೆಯ ನೆರವಿನಿಂದ ಆ ಸಂಸ್ಥೆಯು ರೂಪಿಸಿದ ಹೂಳು ಉತ್ಪತ್ತಿ ಸೂಚ್ಯಂಕವು 1970ರ ದಶಕದಿಂದ ಆದ್ಯತಾ ನಿರ್ಧಾರದ ಮುಖ್ಯ ಮಾನದಂಡವಾಯಿತು.

ಸೂಚ್ಯಂಕದ ತರ್ಕ ಸರಳವಾದುದು. ಇಳಿಜಾರು, ಮಣ್ಣು, ಸಸ್ಯಾವರಣ, ಭೂಬಳಕೆಗಳು ಒಂದೇ ಬಗೆಯಾಗಿರುವ ತುಂಡುಗಳಾಗಿ ಜಲಾನಯನವನ್ನು ವಿಂಗಡಿಸಲಾಗುತ್ತದೆ. ಸವೆತವೂ ಸಂಚಯವೂ ಸಮನಾಗಿರುವ ನೆಲಕ್ಕೆ 10 ಎಂಬ ತೂಕ. ಸವೆತ ಹೆಚ್ಚಿದಂತೆ ತೂಕ ಏರುತ್ತದೆ, ಸಂಚಯ ಹೆಚ್ಚಿದಂತೆ ಇಳಿಯುತ್ತದೆ. ಸವೆದ ಮಣ್ಣಿನಲ್ಲಿ ಎಷ್ಟು ಪಾಲು ಜಲಾಶಯವನ್ನು ತಲುಪುವುದು ಎಂಬ ಸಾಗಣೆ ಪ್ರಮಾಣದಿಂದಲೂ ತುಂಡಿನ ವಿಸ್ತೀರ್ಣದಿಂದಲೂ ಅದನ್ನು ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ವಿಸ್ತೀರ್ಣದಿಂದ ಭಾಗಿಸಿ 100ರಿಂದ ಗುಣಿಸಲಾಗುತ್ತದೆ. 1300 ಮತ್ತು ಅದಕ್ಕೂ ಮೇಲಿನ ಫಲ ಬಂದರೆ ಅತಿ ಹೆಚ್ಚಿನ ಆದ್ಯತೆ, 1200ರಿಂದ 1299ರವರೆಗೆ ಹೆಚ್ಚಿನ ಆದ್ಯತೆ. 1000ಕ್ಕಿಂತ ಕೆಳಗಿನದು ಅತಿ ಕಡಿಮೆ.

ಈ ಗಣಿತದಲ್ಲಿ ಸಾಗಣೆ ಪ್ರಮಾಣದ ಸ್ಥಾನವನ್ನು ವಿಶೇಷವಾಗಿ ಗಮನಿಸಬೇಕು. ಮಣ್ಣು ಎಷ್ಟು ಸವೆಯಿತೆಂಬುದಷ್ಟೇ ಇಲ್ಲಿ ಮುಖ್ಯವಲ್ಲ, ಅದು ಅಣೆಕಟ್ಟನ್ನು ಮುಟ್ಟಿತೆ ಎಂಬುದು ಮುಖ್ಯ. ಹೊಲದಿಂದ ಎದ್ದ ಮಣ್ಣು ನಡುವೆ ಊರಕೆರೆಯಲ್ಲಿಯೇ ನಿಂತರೆ ಜಲಾಶಯದ ದೃಷ್ಟಿಯಿಂದ ಅದು ನಷ್ಟವಲ್ಲ. ಆ ಹೊಲದ ಒಡೆಯನ ಮತ್ತು ಆ ಕೆರೆಯ ಅಚ್ಚುಕಟ್ಟಿನ ರೈತನ ದೃಷ್ಟಿಯಿಂದ ಅದೇ ನಷ್ಟ.

ಉಪಗ್ರಹ ಚಿತ್ರದ ಆಗಮನ

ಆದ್ಯತೆಯನ್ನು ನಿರ್ಧರಿಸಲು ಮೊದಲು ಜಲಾನಯನಗಳ ಗಡಿ ಮತ್ತು ಗುರುತು ಸ್ಥಿರವಾಗಬೇಕು. 1990ರಲ್ಲಿ ಹೊರಬಂದ ಭಾರತದ ಜಲಾನಯನ ಭೂಪಟವು ದೇಶವನ್ನು 6 ಜಲ ಸಂಪನ್ಮೂಲ ವಲಯ, 35 ನದಿ ಕೊಳ್ಳ, 112 ಆಯಪ್ರದೇಶ, 500 ಉಪ ಆಯಪ್ರದೇಶ ಹಾಗೂ 3237 ಜಲಾನಯನಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಅಂಕಿ ಅಕ್ಷರಗಳ ಸಂಕೇತ ನೀಡಿತು. ಇದೇ ಸುಮಾರಿಗೆ ದೇಶದ ಸ್ವಂತ ಉಪಗ್ರಹ ಚಿತ್ರಗಳು ಲಭ್ಯವಾದವು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು 1986ರಲ್ಲಿ ಸ್ಥಾಪಿತವಾಯಿತು. 1988ರ ಮಾರ್ಚ್ 17ರಂದು ಐಆರ್‌ಎಸ್ 1ಎ ಉಪಗ್ರಹವು ಕಕ್ಷೆ ಸೇರಿತು. 1992ರಲ್ಲಿ ಆರಂಭವಾದ ಸುಸ್ಥಿರ ಅಭಿವೃದ್ಧಿಯ ಸಮಗ್ರ ಅಭಿಯಾನವು ಮಣ್ಣು, ಅಂತರ್ಜಲ, ಇಳಿಜಾರು, ಭೂಬಳಕೆಗಳ ನಕ್ಷೆಗಳನ್ನು ಒಂದರ ಮೇಲೊಂದು ಹೊಂದಿಸಿ ಜಲಾನಯನ ಮಟ್ಟದ ಕ್ರಿಯಾಯೋಜನೆ ಸಿದ್ಧಪಡಿಸುವ ಪದ್ಧತಿಗೆ ದಾರಿಮಾಡಿತು. ಕಾಗದದ ನಕ್ಷೆಗಳ ಮೇಲೆ ತಿಂಗಳುಗಟ್ಟಲೆ ನಡೆಯುತ್ತಿದ್ದ ಈ ಕೆಲಸವು ಗಣಕದ ಭೌಗೋಳಿಕ ಮಾಹಿತಿ ವ್ಯವಸ್ಥೆಯಿಂದ ಸುಲಭವಾಯಿತು. ಮುಂಗಾರಿನ ಮತ್ತು ಹಿಂಗಾರಿನ ಚಿತ್ರಗಳನ್ನು ಹೋಲಿಸಿ ಬೀಳುಭೂಮಿ, ಒಂದು ಬೆಳೆಯ ಭೂಮಿ, ಎರಡು ಬೆಳೆಯ ಭೂಮಿಗಳನ್ನು ಪ್ರತ್ಯೇಕಿಸುವುದೂ ಸಾಧ್ಯವಾಯಿತು.

ಉಪಗ್ರಹವು ಎಷ್ಟು ಸೂಕ್ಷ್ಮವಾಗಿ ಕಾಣಬಲ್ಲದು ಎಂಬುದನ್ನು ರೈತರ ಲೆಕ್ಕಕ್ಕೆ ಪರಿವರ್ತಿಸಿ ನೋಡುವುದು ಉಚಿತ. ಐಆರ್‌ಎಸ್ 1ಎ ಉಪಗ್ರಹದ ಮೊದಲ ಬಗೆಯ ಕ್ಯಾಮೆರಾದಲ್ಲಿ ಒಂದು ಚಿತ್ರಬಿಂದು ನೆಲದ ಮೇಲೆ 72.5 ಮೀಟರ್ ಚೌಕ, ಅಂದರೆ ಸುಮಾರು 1 ಎಕರೆ 12 ಗುಂಟೆ. ಎರಡನೆಯ ಬಗೆಯದರಲ್ಲಿ ಅದು 36.25 ಮೀಟರ್ ಚೌಕ, ಸುಮಾರು 13 ಗುಂಟೆ. 1995ರಲ್ಲಿ ಹಾರಿದ ಐಆರ್‌ಎಸ್ 1ಸಿಯ ಬಹುವರ್ಣ ಚಿತ್ರದಲ್ಲಿ ಅದು ಐದೂವರೆ ಗುಂಟೆಗೆ ಇಳಿಯಿತು. 2005ರ ಕಾರ್ಟೊಸ್ಯಾಟ್ 1ರ ಕಪ್ಪುಬಿಳುಪು ಚಿತ್ರದಲ್ಲಿ ಬಿಂದುವಿನ ಬದಿ 2.5 ಮೀಟರ್ ಮಾತ್ರ; ಹೊಲದ ಬದುವೂ ಕಾಣತೊಡಗಿತು.

ಮೊದಲ ತಲೆಮಾರಿನ ಚಿತ್ರಗಳಲ್ಲಿ ಕಾಣದೆ ಹೋದುದೇನು ಎಂಬುದಕ್ಕೆ ಗುಂಡ್ಲುಪೇಟೆಯ ಕಡೆಯ ಲಾವಂಚದ ಸಾಲುಗಳು ನಿದರ್ಶನ. ಅಲ್ಲಿಯ ರೈತರು ಹೊಲದ ಮೇರೆಯಲ್ಲಿ ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ಲಾವಂಚವು ಹರಿಯುವ ನೀರಿನ ವೇಗವನ್ನು ತಗ್ಗಿಸಿ ಮಣ್ಣನ್ನು ಹಿಡಿದು ನಿಲ್ಲಿಸುತ್ತಿತ್ತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಜಲಾನಯನ ಯೋಜನೆಗಳಲ್ಲಿ ದುಡಿದ ತಜ್ಞರು ಇಂಥ ದೇಶೀಯ ರೂಢಿಯನ್ನು ಗಮನಿಸಿ ಅದನ್ನು ಲೋಕದ ಬೇರೆ ಭಾಗಗಳಿಗೂ ಪರಿಚಯಿಸಿದರು. ಆದರೆ ಒಂದು ಮೀಟರಿಗಿಂತ ಅಗಲವಿಲ್ಲದ ಹುಲ್ಲಿನ ಸಾಲು 13 ಗುಂಟೆಯ ಬಿಂದುವಿನಲ್ಲಿ ಕರಗಿಹೋಗುತ್ತದೆ. ಲಾವಂಚವಿರುವ ಹೊಲವೂ ಇಲ್ಲದ ಹೊಲವೂ ಅಲ್ಲಿ ಒಂದೇ ಬಣ್ಣ.

ಇದರ ಜೊತೆಗೆ ಬಳಕೆಗೆ ಬಂದ ಇನ್ನೊಂದು ವಿಧಾನವು ಹಳ್ಳಗಳ ಆಕಾರ ಮಾಪನ. ಹಾರ್ಟನ್ (1945) ಮತ್ತು ಸ್ಟ್ರಾಲರ್ (1952) ರೂಪಿಸಿದ ಸೂತ್ರಗಳ ಪ್ರಕಾರ ಹಳ್ಳಗಳಿಗೆ ಶ್ರೇಣಿ ಕೊಟ್ಟು, ಚದರ ಕಿಲೋಮೀಟರಿಗೆ ಎಷ್ಟು ಉದ್ದದ ಹಳ್ಳವಿದೆ, ಕವಲೊಡೆಯುವ ಪ್ರಮಾಣವೆಷ್ಟು, ಜಲಾನಯನವು ದುಂಡಗಿದೆಯೋ ನೀಳವಾಗಿದೆಯೋ ಎಂಬುದನ್ನು ಎಣಿಸಿ, ಪ್ರತಿ ಅಂಶಕ್ಕೂ ಸ್ಥಾನ ನೀಡಿ, ಸರಾಸರಿಯಿಂದ ಅಂತಿಮ ಸ್ಥಾನವನ್ನು ಪಡೆಯಲಾಗುತ್ತದೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರೇಡಾರ್ ಮೂಲಕ ಸಂಗ್ರಹಿಸಿದ ಎತ್ತರದ ಮಾಹಿತಿಯು ಮುಕ್ತವಾಗಿ ದೊರೆತ ಮೇಲೆ ಈ ಬಗೆಯ ಅಧ್ಯಯನಗಳು ವಿಶ್ವವಿದ್ಯಾಲಯಗಳಲ್ಲಿ ವ್ಯಾಪಕವಾದವು. ಗುಡ್ಡದ ಹಳ್ಳಗಳಿಗೆ ಈ ವಿಧಾನವು ಚೆನ್ನಾಗಿ ಒಪ್ಪುತ್ತದೆ. ಸಾಲುಗೆರೆಗಳ ಬಯಲುಸೀಮೆಯಲ್ಲಿ ಮಾತ್ರ ತೊಡಕುಂಟು. ಅಲ್ಲಿಯ ಹಳ್ಳ ಒಂದು ಕೆರೆಗೆ ಬಿದ್ದು, ಕೋಡಿಯಿಂದ ಹೊರಟು, ಮುಂದಿನ ಕೆರೆಗೆ ಸೇರುತ್ತದೆ. ಏರಿ, ತೂಬು, ಕೋಡಿಗಳಿಂದ ಮನುಷ್ಯನು ತಿದ್ದಿದ ಆ ಹರಿವನ್ನು ಬರಿಯ ಇಳಿಜಾರಿನ ಗಣಿತವು ಪ್ರಕೃತಿಯ ಹಳ್ಳವೆಂದೇ ಭಾವಿಸುತ್ತದೆ.

ಪ್ರಶ್ನೆ ಬದಲಾದಂತೆ ಪಟ್ಟಿಯ ಬದಲಾವಣೆ

1994ರಲ್ಲಿ ಸಿ.ಎಚ್. ಹನುಮಂತರಾವ್ ಸಮಿತಿಯ ಶಿಫಾರಸುಗಳ ಆಧಾರದ ಮೇಲೆ ರೂಪುಗೊಂಡು 1995ರ ಏಪ್ರಿಲ್‌ನಿಂದ ಜಾರಿಗೆ ಬಂದ ಮಾರ್ಗಸೂಚಿಯು ಸುಮಾರು 500 ಹೆಕ್ಟೇರಿನ ಕಿರು ಜಲಾನಯನವನ್ನು ಕಾರ್ಯದ ಘಟಕವಾಗಿ ಮಾಡಿ, ಊರಿನ ಜನರನ್ನು ಯೋಜನೆಯ ಪಾಲುದಾರರೆಂದು ಪರಿಗಣಿಸಿತು. 2008ರ ಸಮಾನ ಮಾರ್ಗಸೂಚಿಯು 1000ದಿಂದ 5000 ಹೆಕ್ಟೇರಿನ ಗುಚ್ಛಗಳನ್ನು ಸೂಚಿಸಿತಲ್ಲದೆ, ಆದ್ಯತೆಯ ಅಂಶಗಳಲ್ಲಿ ಬಡತನ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪ್ರಮಾಣ, ಸಣ್ಣ ಮತ್ತು ಅತಿಸಣ್ಣ ಹಿಡುವಳಿದಾರರ ಸಂಖ್ಯೆ, ಕೂಲಿಯ ದರ, ಕುಡಿಯುವ ನೀರಿನ ಅಭಾವ, ಅಂತರ್ಜಲದ ಸ್ಥಿತಿ ಇವುಗಳನ್ನು ಸೇರಿಸಿತು. ಜಲಾಶಯದ ರಕ್ಷಣೆಗೆಂದು ಹುಟ್ಟಿದ ಮಾನದಂಡವು ಮೂರು ನಾಲ್ಕು ದಶಕಗಳಲ್ಲಿ ಮಳೆಯಾಶ್ರಿತ ರೈತನ ಬದುಕಿನತ್ತ ಹೊರಳಿದ ಚಾರಿತ್ರಿಕ ಪಲ್ಲಟವಿದು.

ಈ ಪಲ್ಲಟದ ಅರ್ಥವು ಸಾಲುಗೆರೆಗಳ ಕಣಿವೆಯೊಂದನ್ನು ಕಲ್ಪಿಸಿಕೊಂಡರೆ ಸ್ಪಷ್ಟವಾಗುತ್ತದೆ. ಹೂಳು ಸೂಚ್ಯಂಕದ ಲೆಕ್ಕದಲ್ಲಿ ಇಂಥ ಕಣಿವೆಯ ಸ್ಥಾನ ಕೆಳಗಿಳಿಯುತ್ತದೆ; ಕೆರೆಗಳು ಮಣ್ಣನ್ನು ತಡೆಯುವುದರಿಂದ ಸಾಗಣೆ ಪ್ರಮಾಣ ಕಡಿಮೆ. ಕೆರೆಗಳ ಪುನರುಜ್ಜೀವನವೇ ಗುರಿಯಾದರೆ ಅದೇ ಕಣಿವೆ ಮೇಲೇರುತ್ತದೆ. ತಡೆದ ಮಣ್ಣಿನಿಂದಲೇ ಆ ಕೆರೆಗಳು ತುಂಬಿಹೋಗಿವೆ. ರೈತರ ದೃಷ್ಟಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುವ ರೂಢಿಯಿಂದ ಜಾರಿಹೋದ ಮಣ್ಣಿನ ಒಂದು ಪಾಲು ಹೊಲಕ್ಕೇ ಮರಳುತ್ತಿತ್ತು. ಹೂಳನ್ನು ಕೇವಲ ದೋಷವೆಂದು ಎಣಿಸುವ ಸೂಚ್ಯಂಕಕ್ಕೂ ಅದನ್ನು ಗೊಬ್ಬರವೆಂದು ಎಣಿಸುವ ರೂಢಿಗೂ ಇರುವ ಅಂತರವು ಕೇವಲ ಅಳತೆಯ ಅಂತರವಲ್ಲ. ನೆಲ ಒಂದೇ, ಉಪಗ್ರಹ ಚಿತ್ರವೂ ಒಂದೇ. ಸ್ಥಾನಗಳು ಮಾತ್ರ ಬೇರೆ.

ಸುಜಲದ ಅನುಭವ

2000ದಲ್ಲಿ ಪ್ರತ್ಯೇಕ ಜಲಾನಯನ ಅಭಿವೃದ್ಧಿ ಇಲಾಖೆಯನ್ನು ರಚಿಸಿದ ಕರ್ನಾಟಕವು ವಿಶ್ವಬ್ಯಾಂಕಿನ ನೆರವಿನಿಂದ 2001ರಿಂದ 2009ರವರೆಗೆ ‘ಸುಜಲ’ ಯೋಜನೆಯನ್ನು ನಡೆಸಿತು. ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳ 77 ಉಪ ಜಲಾನಯನಗಳು ಅದರ ವ್ಯಾಪ್ತಿಯಲ್ಲಿದ್ದವು. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಸಂಸ್ಥೆಯು ಉಪಗ್ರಹ ಚಿತ್ರಗಳನ್ನು ಬಳಸಿ ಯೋಜನೆಯ ಮೇಲ್ವಿಚಾರಣೆಯನ್ನೂ ಮೌಲ್ಯಮಾಪನವನ್ನೂ ವಹಿಸಿಕೊಂಡಿತ್ತು. ಉಪಗ್ರಹದ ಮಾಹಿತಿಯನ್ನು ಊರಿನ ಸರ್ವೆ ನಂಬರುಗಳ ನಕ್ಷೆಯೊಡನೆ ಹೊಂದಿಸಿದುದು, ಊರಿನವರೇ ಬೀದಿಯಲ್ಲಿ ರಂಗೋಲಿ ಪುಡಿಯಿಂದಲೂ ಕಾಗದದ ಮೇಲೂ ಬರೆಯುವ ಸಂಪನ್ಮೂಲ ನಕ್ಷೆಗೆ ಯೋಜನಾ ಪ್ರಕ್ರಿಯೆಯಲ್ಲಿ ಸ್ಥಾನ ದೊರೆತುದು, ಜಲಾನಯನ ಸಂಘ, ಸ್ವಸಹಾಯ ಗುಂಪುಗಳ ಮೂಲಕ ಕಾಮಗಾರಿಯ ನಿರ್ಣಯ ಊರಿನಲ್ಲಿ ನಡೆದುದು ಇಲ್ಲಿ ಉಲ್ಲೇಖನೀಯ. ಎಲ್ಲಿ ಎಂಬುದನ್ನು ಮೇಲಿನ ಚಿತ್ರವೂ, ಏನು ಮತ್ತು ಹೇಗೆ ಎಂಬುದನ್ನು ಊರೂ ಹೇಳುವ ಹೊಣೆಗಾರಿಕೆಯ ಹಂಚಿಕೆ ಇದು.

2012ರ ನಂತರದ ಸುಜಲದ ಮೂರನೆಯ ಹಂತದಲ್ಲಿ ಭೂ ಸಂಪನ್ಮೂಲ ದಾಖಲೆಯನ್ನು 1:7920 ಪ್ರಮಾಣದಲ್ಲಿ ಸಿದ್ಧಪಡಿಸಲಾಯಿತು. ಇದು ಹೊಸ ಪ್ರಮಾಣವಲ್ಲ. ನಕ್ಷೆಯ ಒಂದು ಇಂಚಿಗೆ ನೆಲದ 660 ಅಡಿ, ಅಂದರೆ 10 ಸರಪಳಿ ಎಂಬ ಹಳೆಯ ಕಂದಾಯ ಮೋಜಣಿಯ ಅಳತೆಯೇ ಇದು. ಬಾಹ್ಯಾಕಾಶದಿಂದ ಬಂದ ಚಿತ್ರವು ಕೊನೆಗೆ ಶಾನುಭೋಗರ ಕಾಲದ ಊರ ನಕ್ಷೆಯ ಮೇಲೆ ಬಂದು ಕುಳಿತಾಗಲೇ ರೈತನಿಗೆ ಓದಲು ಬಂದಿತು ಎಂಬುದು ಈ ಚರಿತ್ರೆಯ ಒಂದು ಮುಖ್ಯ ಪಾಠ.

ಹೆಸರುಗಳೆಂಬ ಆಕರ

ಸರ್ವೆ ನಂಬರು ಬರುವುದಕ್ಕೆ ಮುಂಚೆ ಹೊಲಗಳಿಗೆ ಹೆಸರುಗಳಿದ್ದವು. ದಾನಶಾಸನಗಳ ಸೀಮಾ ವಿವರಗಳಲ್ಲಿ ಮೂಡಣ, ತೆಂಕಣ, ಪಡುವಣ, ಬಡಗಣ ದಿಕ್ಕುಗಳ ಗುಡ್ಡ, ಹಳ್ಳ, ಕೋಡಿ, ಮರ, ಹುತ್ತಗಳು ಒಂದೊಂದಾಗಿ ಬರುತ್ತವೆ. ಎರೆ, ಮಸಾರಿ, ಮರಡಿ, ಗರಸು, ಚೌಳು ಎಂಬ ನೆಲದ ಹೆಸರುಗಳು ಇಂದಿಗೂ ಆಡುಮಾತಿನಲ್ಲಿವೆ. ಅರಸೀಕೆರೆ, ತುರುವೇಕೆರೆ, ಹೊಳಲ್ಕೆರೆ, ತರೀಕೆರೆಗಳಂಥ ತಾಲ್ಲೂಕು ಕೇಂದ್ರಗಳೇ ಕೆರೆಯಿಂದ ಗುರುತು ಪಡೆದಿವೆ. ‘ಚೌಳು’ ಎಂಬ ಹೆಸರಿನ ಹೊಲದಲ್ಲಿ ಇಂದು ಚೌಳಿಲ್ಲದಿದ್ದರೆ, ಅಥವಾ ಚೌಳಿಲ್ಲದ ಹೆಸರಿನ ಹೊಲ ಇಂದು ಚೌಳಾಗಿದ್ದರೆ, ನಡುವಿನ ಕಾಲದಲ್ಲಿ ನೆಲ ಬದಲಾಗಿರಬಹುದೆಂಬ ಸೂಚನೆ ಅಲ್ಲಿದೆ. ನಾಗರಿಕ ಭೂವೀಕ್ಷಣೆಯ ಉಪಗ್ರಹ ಚಿತ್ರಗಳ ಸ್ಮೃತಿಯು ಬಹುಮಟ್ಟಿಗೆ 1972ರ ಮೊದಲ ಲ್ಯಾಂಡ್‌ಸ್ಯಾಟ್‌ನಿಂದ ತೊಡಗುತ್ತದೆ. ಹೆಸರಿನ ಸ್ಮೃತಿ ಅದಕ್ಕಿಂತ ಹಿಂದಕ್ಕೆ ಹೋಗಬಲ್ಲದು. ಆದರೆ ಹೆಸರುಗಳನ್ನು ಕ್ಷೇತ್ರ ಪರಿಶೀಲನೆಯಿಲ್ಲದೆ ಪ್ರಮಾಣವೆಂದು ಒಪ್ಪುವುದೂ ಸಲ್ಲದು. ವಲಸೆಯಿಂದ, ದತ್ತಿಯಿಂದ, ಒಕ್ಕಲು ಬದಲಾದುದರಿಂದ ಹೆಸರುಗಳೂ ಸ್ಥಳಾಂತರ ಹೊಂದುತ್ತವೆ.

ಸರದಿಯ ನ್ಯಾಯದ ಬಗೆಗೂ ಜನಪದ ಸ್ಮೃತಿಯು ಮೌನವಾಗಿಲ್ಲ. ‘ಕೆರೆಗೆ ಹಾರ’ ಎಂದು ಪ್ರಸಿದ್ಧವಾದ ಕಥನಗೀತೆಯಲ್ಲಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಜೋಯಿಸನ ಹೊತ್ತಗೆಯು ಹಿರಿಸೊಸೆಯನ್ನು ಬಲಿ ಕೇಳುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವೆಂಬ ಲೆಕ್ಕದಿಂದ ಬಲಿಯ ಸರದಿ ಕಿರಿಸೊಸೆ ಭಾಗೀರಥಿಗೆ ಬರುತ್ತದೆ. ಗೀತೆಯನ್ನು ಸಾಮಾನ್ಯವಾಗಿ ತ್ಯಾಗದ ಕಥೆಯೆಂದು ಓದಲಾಗಿದೆ. ನೀರಿನ ಚರಿತ್ರೆಯ ದೃಷ್ಟಿಯಿಂದ ಅದು ಆದ್ಯತೆಯ ಕಥೆಯೂ ಹೌದು: ತಪ್ಪಿದ ನೀರಿನ ಲೆಕ್ಕದ ಬೆಲೆಯನ್ನು ಮನೆಯಲ್ಲಿ ಅತ್ಯಂತ ಕಡಿಮೆ ಮಾತುಳ್ಳವಳು ತೆರುತ್ತಾಳೆ. ಇಂದಿನ ಪಟ್ಟಿಗಳಲ್ಲಿಯೂ ಬೆಲೆ ತೆರುವವರು ಯಾರೆಂದು ಕೇಳಬೇಕಾಗಿದೆ. ಮೇಲಿನ ಕಿರು ಜಲಾನಯನದಲ್ಲಿ ತಡೆ ಅಣೆಗಳೂ ಕೃಷಿ ಹೊಂಡಗಳೂ ಒತ್ತಾಗಿ ಬಂದಾಗ ಕೆಳಗಿನ ಕೆರೆಗೆ ಬರುವ ನೀರು ಕುಗ್ಗಬಹುದು. ಸ್ಯಾಂಕಿ ಗುರುತಿಸಿದ್ದ ಈ ಸಂಗತಿಯು ಪ್ರತಿ ಜಲಾನಯನವನ್ನೂ ಬಿಡಿಯಾಗಿ ಅಳೆದು ಸ್ಥಾನ ಕೊಡುವ ವಿಧಾನದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಹೊರಡುತ್ತವೆ. ಮೊದಲನೆಯದಾಗಿ, ಆದ್ಯತಾ ಪಟ್ಟಿಯನ್ನು ಪ್ರಕಟಿಸುವಾಗ ಅದು ಯಾವ ಪ್ರಶ್ನೆಗೆ ಉತ್ತರವೆಂಬುದನ್ನೂ ಸ್ಪಷ್ಟಪಡಿಸಬೇಕು. ಜಲಾಶಯದ ಹೂಳು, ಊರಕೆರೆಯ ನೀರು, ಬಡ ಹಿಡುವಳಿದಾರನ ಬೆಳೆ ಇವು ಮೂರು ಬೇರೆ ಪ್ರಶ್ನೆಗಳು. ಇವುಗಳ ಪಟ್ಟಿಗಳೂ ಬೇರೆಯಾಗುತ್ತವೆ. ಎರಡನೆಯದಾಗಿ, ಸಾಲುಗೆರೆಗಳ ಪ್ರದೇಶದಲ್ಲಿ ಪ್ರತ್ಯೇಕ ಜಲಾನಯನಕ್ಕಿಂತ ಕೋಡಿಯಿಂದ ಕೋಡಿಗೆ ಸಾಗುವ ಇಡೀ ಸರಣಿಯನ್ನು ಘಟಕವಾಗಿ ಗ್ರಹಿಸಬೇಕು. ಮೂರನೆಯದಾಗಿ, ಭೌಗೋಳಿಕ ಮಾಹಿತಿ ವ್ಯವಸ್ಥೆಯಲ್ಲಿ ಮಣ್ಣು, ಇಳಿಜಾರು, ಭೂಬಳಕೆಗಳ ಪದರಗಳ ಜೊತೆಗೆ ಹೊಲದ ಹೆಸರು, ಕೆರೆ ಶಾಸನ, ಕಟ್ಟುಕೊಡಗೆಯ ದತ್ತಿ, ಕೈಫಿಯತ್ತಿನ ಉಲ್ಲೇಖಗಳ ಪದರವೊಂದನ್ನು ಸೇರಿಸುವುದು ಇಂದು ತಾಂತ್ರಿಕವಾಗಿ ಕಷ್ಟವಲ್ಲ.

ಈ ಕೊನೆಯ ಕಾರ್ಯಕ್ಕೆ ಜಾನಪದ, ಶಾಸನಶಾಸ್ತ್ರ ಮತ್ತು ದೂರಸಂವೇದಿ ಶಾಖೆಗಳ ಸಹಯೋಗ ಬೇಕು. 2021ರಲ್ಲಿ ವಿಶ್ವಬ್ಯಾಂಕ್ ಅನುಮೋದಿಸಿದ ‘ರಿವಾರ್ಡ್’ ಯೋಜನೆಯು ಭೂ ಸಂಪನ್ಮೂಲ ದಾಖಲೆಯನ್ನೇ ಜಲಾನಯನ ಯೋಜನೆಯ ತಳಹದಿಯಾಗಿ ಸ್ವೀಕರಿಸಿರುವುದರಿಂದ ಅದಕ್ಕೆ ಬೇಕಾದ ಮೂಲ ನಕ್ಷೆಗಳು ಸಿದ್ಧವಾಗುತ್ತಿವೆ. ಹೊಲದ ಹೆಸರನ್ನು ಬಲ್ಲ ನೀರುಗಂಟಿಗಳೂ ಹಿರಿಯ ರೈತರೂ ಮಾತ್ರ ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ. ಯಾವ ಊರಿನ ಹೆಸರುಗಳನ್ನು ಮೊದಲು ದಾಖಲಿಸಬೇಕು ಎಂಬ ಆದ್ಯತೆಯನ್ನು ನಿರ್ಧರಿಸುವಾಗ ಈ ಸಂಗತಿಗೆ ಉಳಿದೆಲ್ಲ ಅಂಶಗಳಿಗಿಂತ ಹೆಚ್ಚಿನ ತೂಕ ಕೊಡಬೇಕಾಗಿದೆ.